ಸಿಡಿಲಿಗೆ ಮರದಡಿ ಆಸರೆಯಲ್ಲ

ಅಶ್ವಿನಿ, ಭರಣಿ ಮಳೆಗಳನ್ನು ಬಯಲುಸೀಮೆಯ ರೈತನು ಕಾತರದಿಂದ ಎದುರುನೋಡುತ್ತಾನೆ. ಏಪ್ರಿಲ್ ಮಧ್ಯಭಾಗದಿಂದ ಮೇ ಎರಡನೆಯ ವಾರದವರೆಗೆ ಬೀಳುವ ಈ ಮಳೆಗಳಿಂದಲೇ ಹೊಲ ಹದಕ್ಕೆ ಬರುತ್ತದೆ, ದನಗಳಿಗೆ ಹಸಿರು ಚಿಗುರುತ್ತದೆ, ದಕ್ಷಿಣದ ಜಿಲ್ಲೆಗಳಲ್ಲಿ ಎಳ್ಳು, ಅಲಸಂದೆ, ಹೆಸರು ಬಿತ್ತನೆಯಾಗುತ್ತವೆ. ಆದರೆ ಈ ಮಳೆ ಸದ್ದಿಲ್ಲದೆ ಬರುವಂಥದಲ್ಲ. ಮಧ್ಯಾಹ್ನದ ಮೇಲೆ ಮೋಡ ಕವಿದು, ಧೂಳೆದ್ದು, ನಾಲ್ಕು ದಪ್ಪ ಹನಿ ಬಿದ್ದೊಡನೆ ಹೊಲದಲ್ಲಿದ್ದವರು ಬದುವಿನ ಮೇಲಿನ ಹುಣಿಸೆಯ ಅಥವಾ ಬೇವಿನ ಬುಡಕ್ಕೆ ಓಡುತ್ತಾರೆ. ಎತ್ತುಗಳನ್ನೂ ಅಲ್ಲಿಯೇ ಕಟ್ಟುತ್ತಾರೆ. ಬಿಸಿಲಿನಲ್ಲಿ ನೆರಳು ಕೊಟ್ಟ ಮರ ಮಳೆಯಲ್ಲಿಯೂ ಕಾಪಾಡೀತೆಂದು ನಂಬುವುದು ಸಹಜವೇ. ಸಿಡಿಲಿನ ವಿಷಯದಲ್ಲಿ ಮಾತ್ರ ಈ ನಂಬಿಕೆ ಪ್ರಾಣಕ್ಕೆ ಎರವಾಗುತ್ತದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ರಲ್ಲಿ ಭಾರತದಲ್ಲಿ ಸಿಡಿಲಿಗೆ ಬಲಿಯಾದವರು 2,887 ಮಂದಿ. ಆ ವರ್ಷ ಪ್ರಕೃತಿ ವಿಕೋಪಗಳಿಂದ ಸತ್ತವರಲ್ಲಿ ಇದು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ನೆರೆ, ಚಂಡಮಾರುತಗಳು ಒಮ್ಮೆಗೇ ನೂರಾರು ಜನರನ್ನು ಕೊಂಡೊಯ್ದು ಸುದ್ದಿಯಾಗುತ್ತವೆ. ಸಿಡಿಲು ಒಂದೂರಿನಲ್ಲಿ ಒಬ್ಬರನ್ನು, ಇನ್ನೊಂದೂರಿನಲ್ಲಿ ಇಬ್ಬರನ್ನು ಒಯ್ಯುವುದರಿಂದ ಅದರ ಒಟ್ಟು ಲೆಕ್ಕ ಯಾರ ಕಣ್ಣಿಗೂ ಬೀಳುವುದಿಲ್ಲ. ಸಾಯುವವರಲ್ಲಿ ಬಹುಪಾಲು ಹೊಲದಲ್ಲಿ ದುಡಿಯುವವರು, ದನ ಕುರಿ ಕಾಯುವವರು.

ಮೋಡದಲ್ಲಿ ವಿದ್ಯುತ್ತು ಹುಟ್ಟುವ ಬಗೆ

ಏಪ್ರಿಲ್-ಮೇ ತಿಂಗಳುಗಳಲ್ಲಿ ನೆಲ ಕಾದು, ಅದಕ್ಕೆ ತಾಗಿದ ಗಾಳಿ ಹಗುರವಾಗಿ ಮೇಲೇರುತ್ತದೆ. ಇದೇ ಸಮಯದಲ್ಲಿ ಸಮುದ್ರದ ಕಡೆಯ ತೇವದ ಗಾಳಿಯೂ ಉತ್ತರದ ಒಣ ಗಾಳಿಯೂ ಕರ್ನಾಟಕದ ಒಳನಾಡಿನ ಮೇಲೆ ಸಂಧಿಸುತ್ತವೆ. ತೇವದ ಗಾಳಿ ರಭಸದಿಂದ ಮೇಲೇರಿ, ತಣಿದು, ಹೂಕೋಸಿನಂತೆ ಉಬ್ಬಿದ ಮೋಡವಾಗುತ್ತದೆ. ಎರಡು ಮೂರು ಗಂಟೆಯ ಹೊತ್ತಿಗೆ ಆ ಮೋಡದ ನೆತ್ತಿ 12 ಕಿಲೋಮೀಟರಿಗೂ ಮೇಲಕ್ಕೆ ಬೆಳೆದು, ತುದಿ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡುತ್ತದೆ. ಆಕಾಶದಲ್ಲಿ ಈ ಆಕಾರ ಕಂಡಿತೆಂದರೆ ಸಿಡಿಲಿನ ಕಾರ್ಖಾನೆ ಸಿದ್ಧವಾಯಿತೆಂದೇ ತಿಳಿಯಬೇಕು. ಜೂನ್ ನಂತರದ ಮುಂಗಾರಿನಲ್ಲಿ ಮೋಡಗಳು ಸಾಮಾನ್ಯವಾಗಿ ಇಷ್ಟು ಎತ್ತರಕ್ಕೆ ಬೆಳೆಯುವುದಿಲ್ಲ. ಆದುದರಿಂದ ಜಡಿಮಳೆಯಲ್ಲಿ ಗುಡುಗು ಕಡಿಮೆ. ಮುಂಗಾರು ಹಿಂಜರಿಯುವ ಸೆಪ್ಟೆಂಬರ್ ಕೊನೆ, ಅಕ್ಟೋಬರಿನಲ್ಲಿ ಅದು ಮತ್ತೆ ತಲೆಯೆತ್ತುತ್ತದೆ.

ಈ ಮೋಡದ ನಡುಭಾಗದಲ್ಲಿ ಶಾಖ ಸೊನ್ನೆಗಿಂತ 10ರಿಂದ 20 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ. ಅಲ್ಲಿ ಹಗುರವಾದ ಹಿಮದ ಹರಳುಗಳು ಗಾಳಿಯೊಡನೆ ಮೇಲಕ್ಕೆ ಹಾರುತ್ತಿರುತ್ತವೆ, ಸಣ್ಣ ಆಲಿಕಲ್ಲುಗಳು ತಮ್ಮ ಭಾರಕ್ಕೆ ಕೆಳಗಿಳಿಯುತ್ತಿರುತ್ತವೆ. ಇವೆರಡೂ ಒಂದಕ್ಕೊಂದು ಉಜ್ಜಿ ಹೋಗುವಾಗ ಹರಳುಗಳಿಗೆ ಧನ ವಿದ್ಯುದಂಶವೂ ಆಲಿಕಲ್ಲುಗಳಿಗೆ ಋಣ ವಿದ್ಯುದಂಶವೂ ಬರುತ್ತದೆ. ಒಣ ತಲೆಗೂದಲನ್ನು ಬಾಚಿದ ಹಣಿಗೆ ಕಾಗದದ ಚೂರನ್ನು ಎಳೆದುಕೊಳ್ಳುವುದೂ ಇಂಥದೇ ಸಂಗತಿ. ಇಲ್ಲಿ ಅದು ಬೆಟ್ಟದಷ್ಟು ದೊಡ್ಡದಾಗಿ ನಡೆಯುತ್ತದೆ. ಹೀಗೆ ಮೋಡದ ನೆತ್ತಿ ಧನವಾಗಿ, ಕೆಳಭಾಗ ಋಣವಾಗಿ ಬೇರ್ಪಡುತ್ತವೆ. ಮೋಡದ ಋಣ ವಿದ್ಯುತ್ತು ಕೆಳಗಿನ ನೆಲದಲ್ಲಿ ಧನ ವಿದ್ಯುತ್ತನ್ನು ಸೆಳೆದು ನಿಲ್ಲಿಸುತ್ತದೆ. ಮೋಡ ಸಾಗಿದಂತೆ ಇದೂ ನೆರಳಿನ ಹಾಗೆ ಹೊಲ, ಗಿಡ, ಮನೆ, ಮನುಷ್ಯರ ಮೇಲೆ ಸಾಗುತ್ತಿರುತ್ತದೆ.

ಗಾಳಿ ಇನ್ನು ತಡೆಯಲಾರದೆಂಬ ಸ್ಥಿತಿ ಬಂದಾಗ ಮೋಡದಿಂದ ಒಂದು ಕ್ಷೀಣವಾದ ವಿದ್ಯುತ್ ನಾಲಿಗೆ ಸುಮಾರು 50 ಮೀಟರಿಗೊಂದು ಹೆಜ್ಜೆಯಿಟ್ಟು, ಕವಲೊಡೆಯುತ್ತ, ಕೆಳಗಿಳಿಯುತ್ತದೆ. ಅದು ನೆಲದ ಸಮೀಪಕ್ಕೆ ಬಂದಾಗ ಕೆಳಗಿರುವ ಎತ್ತರದ ವಸ್ತುಗಳ ತುದಿಗಳಿಂದ, ಅಂದರೆ ಮರದ ನೆತ್ತಿ, ಗೋಪುರ, ವಿದ್ಯುತ್ ಕಂಬ, ಬಯಲಿನಲ್ಲಿ ನಿಂತ ಮನುಷ್ಯನ ತಲೆಯಿಂದಲೂ, ಧನ ವಿದ್ಯುತ್ತಿನ ಕಿರುನಾಲಿಗೆಗಳು ಮೇಲಕ್ಕೆ ಚಾಚುತ್ತವೆ. ಯಾವುದು ಮೊದಲು ಮುಟ್ಟುತ್ತದೆಯೋ ಅದರ ಮೂಲಕ ದಾರಿ ತೆರೆಯುತ್ತದೆ. ಆ ದಾರಿಯಲ್ಲಿ ಹರಿಯುವ ವಿದ್ಯುತ್ತು ಸಾಮಾನ್ಯವಾಗಿ 30,000 ಆಂಪಿಯರುಗಳ ಆಸುಪಾಸಿನದು. ಮನೆಯ ಒಂದು ದೀಪಕ್ಕೆ ಅರ್ಧ ಆಂಪಿಯರೂ ಬೇಕಾಗುವುದಿಲ್ಲವೆಂಬುದನ್ನು ನೆನೆದರೆ ಇದರ ಪ್ರಮಾಣ ತಿಳಿದೀತು. ಒಂದು ಮಿಂಚಿನಲ್ಲಿ ಇಂಥ ಮೂರು ನಾಲ್ಕು ಹೊಡೆತಗಳು ಒಂದರ ಹಿಂದೊಂದು ಬರುವುದರಿಂದಲೇ ಅದು ಕಣ್ಣಿಗೆ ಮಿಣಮಿಣ ಎಂದಂತೆ ತೋರುತ್ತದೆ. ದಾರಿಯಲ್ಲಿನ ಗಾಳಿ ಕ್ಷಣಾರ್ಧದಲ್ಲಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ಗೆ ಕಾದು ಸಿಡಿಯುತ್ತದೆ. ಆ ಸಿಡಿತದ ಸದ್ದೇ ಗುಡುಗು.

ಗುಡುಗಿನ ಮಳೆ ಗೊಬ್ಬರದ ಮಳೆ ಎಂಬ ಮಾತೊಂದು ಹಳ್ಳಿಗಳಲ್ಲಿದೆ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಮಿಂಚಿನ ಕಾವಿಗೆ ಗಾಳಿಯಲ್ಲಿನ ಸಾರಜನಕ ಮತ್ತು ಆಮ್ಲಜನಕ ಕೂಡಿಕೊಂಡು, ಮಳೆನೀರಿನಲ್ಲಿ ಕರಗಿ, ನೈಟ್ರೇಟ್ ರೂಪದಲ್ಲಿ ಮಣ್ಣಿಗೆ ಸೇರುತ್ತವೆ. ಆದರೆ ಹೀಗೆ ದೊರೆಯುವುದು ಹೆಕ್ಟೇರಿಗೆ ವರ್ಷಕ್ಕೆ ಕೆಲವೇ ಕಿಲೋಗ್ರಾಂ ಮೀರದು. ಮಳೆಯಾಶ್ರಿತ ರಾಗಿಗೆ ಶಿಫಾರಸಾಗಿರುವ ಸಾರಜನಕವೇ ಹೆಕ್ಟೇರಿಗೆ 50 ಕಿಲೋಗ್ರಾಂ. ಮೊದಲ ಮಳೆಯ ನಂತರ ಪೈರು ಹುಲ್ಲು ಹಚ್ಚಗಾಗುವುದಕ್ಕೆ ಹೆಚ್ಚಿನ ಕಾರಣ, ಒಣಗಿದ್ದ ಮಣ್ಣು ನೆನೆದಾಗ ಅದರಲ್ಲಿನ ಸೂಕ್ಷ್ಮಜೀವಿಗಳು ಚುರುಕಾಗಿ ಸಾವಯವ ಪದಾರ್ಥವನ್ನು ಕರಗಿಸುವುದು.

ಸಿಡಿಲು ಮನುಷ್ಯನನ್ನು ಮುಟ್ಟುವ ದಾರಿಗಳು

ಸಿಡಿಲು ನೇರವಾಗಿ ತಲೆಯ ಮೇಲೆ ಬಿದ್ದು ಸತ್ತನೆಂದು ಜನ ಹೇಳುವುದುಂಟು. ವಾಸ್ತವವಾಗಿ ಸಿಡಿಲಿನಿಂದಾಗುವ ಸಾವು ನೋವುಗಳಲ್ಲಿ ನೇರ ಹೊಡೆತದ ಪಾಲು ನೂರಕ್ಕೆ 3ರಿಂದ 5 ಮಾತ್ರವೆಂದು ಈ ವಿಷಯವನ್ನು ಅಭ್ಯಸಿಸಿದ ವೈದ್ಯರೂ ಹವಾಮಾನ ತಜ್ಞರೂ ಅಂದಾಜು ಮಾಡಿದ್ದಾರೆ. ಉಳಿದವೆಲ್ಲ ಪಕ್ಕದಿಂದ, ಕೆಳಗಿನಿಂದ ಬರುವ ಪೆಟ್ಟುಗಳು. ಮರದಡಿಯ ಅಪಾಯ ಅಡಗಿರುವುದು ಇಲ್ಲಿಯೇ.

ಹುಣಿಸೆ ಮರಕ್ಕೆ ಸಿಡಿಲು ಎರಗಿತೆನ್ನೋಣ. ವಿದ್ಯುತ್ತು ಕಾಂಡದ ಮೂಲಕ ಕೆಳಗಿಳಿಯತೊಡಗುತ್ತದೆ. ಕಟ್ಟಿಗೆ ವಿದ್ಯುತ್ತಿಗೆ ಅಷ್ಟೇನೂ ಒಳ್ಳೆಯ ದಾರಿಯಲ್ಲ. ಕಾಂಡದೊಳಗಿನ ರಸ ಕುದಿದು ಆವಿಯಾಗಿ, ತೊಗಟೆ ಉದ್ದಕ್ಕೂ ಸಿಡಿದು ಹೋಗುವುದನ್ನು ಅನೇಕರು ಕಂಡಿರಬಹುದು. ಬುಡದಲ್ಲಿ ನಿಂತ ಮನುಷ್ಯನ ಮೈಯಾದರೋ ಉಪ್ಪುನೀರಿನಿಂದ ತುಂಬಿದ್ದು, ಮರಕ್ಕಿಂತ ಸುಲಭದ ದಾರಿ. ಆದುದರಿಂದ ವಿದ್ಯುತ್ತು ಆಳೆತ್ತರಕ್ಕೆ ಬರುವಷ್ಟರಲ್ಲಿ ಕಾಂಡವನ್ನು ಬಿಟ್ಟು ಪಕ್ಕದಲ್ಲಿರುವವನ ಮೇಲೆ ಹಾರುತ್ತದೆ. ಕಾಂಡಕ್ಕೆ ಒರಗಿ ನಿಂತವನಿಗೂ ಎರಡು ಮಾರು ದೂರದಲ್ಲಿ ಕುಳಿತವನಿಗೂ ಇದು ತಪ್ಪಿದ್ದಲ್ಲ. ಗುಂಪಾಗಿ ನಿಂತಿದ್ದರೆ ಒಬ್ಬರಿಂದೊಬ್ಬರಿಗೆ ದಾಟುತ್ತದೆ. ಒಂದೇ ಮರದಡಿ ಮೂವರು ನಾಲ್ವರು ಒಟ್ಟಿಗೆ ಸಾಯುವ ಘಟನೆಗಳ ಹಿಂದಿರುವುದು ಇದೇ ಕಾರಣ.

ಮರವನ್ನು ಹಾದು ನೆಲ ಸೇರಿದ ವಿದ್ಯುತ್ತು ಅಲ್ಲಿಗೇ ಮುಗಿಯುವುದಿಲ್ಲ. ಕೆರೆಗೆ ಕಲ್ಲೆಸೆದಾಗ ಅಲೆ ಹರಡುವಂತೆ ಮಣ್ಣಿನಲ್ಲಿ ಸುತ್ತಲೂ ಹರಡುತ್ತದೆ. ಬುಡದ ಹತ್ತಿರ ತೀವ್ರವಾಗಿಯೂ ದೂರ ಹೋದಂತೆ ಕ್ಷೀಣವಾಗಿಯೂ ಇರುತ್ತದೆ. ಕಾಲಗಲಿಸಿ ನಿಂತವನ ಒಂದು ಕಾಲು ಹೆಚ್ಚು ಒತ್ತಡದ ನೆಲದಲ್ಲೂ ಇನ್ನೊಂದು ಕಡಿಮೆ ಒತ್ತಡದ ನೆಲದಲ್ಲೂ ಇದ್ದರೆ ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಸಿಡಿಲಿನ ಸಾವು ನೋವುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಈ ನೆಲದ ವಿದ್ಯುತ್ತಿನಿಂದಲೇ ಆಗುತ್ತವೆ. ನಿಂತ ನೆಲದಿಂದಲೂ ಸಿಡಿಲು ಬರುತ್ತದೆಯೆಂಬ ಸಂಗತಿ ಹೆಚ್ಚಿನವರಿಗೆ ತಿಳಿದಿಲ್ಲ.

ದನ ಕುರಿಗಳಿಗೆ ಈ ಅಪಾಯ ಮನುಷ್ಯನಿಗಿಂತ ಹೆಚ್ಚು. ಎತ್ತಿನ ಮುಂಗಾಲಿಗೂ ಹಿಂಗಾಲಿಗೂ ನಡುವೆ ಒಂದೂವರೆ ಮೀಟರಿನಷ್ಟು ಅಂತರವಿರುತ್ತದೆ, ಹೃದಯವು ಸರಿಯಾಗಿ ಆ ದಾರಿಯಲ್ಲಿಯೇ ಇರುತ್ತದೆ. ದನದ ಪಕ್ಕದಲ್ಲಿದ್ದ ಕಾವಲುಗಾರ ಬದುಕಿ ದನ ಮಾತ್ರ ಸತ್ತರೆ ಅದರಲ್ಲಿ ಪವಾಡವೇನೂ ಇಲ್ಲ. 2016ರ ಆಗಸ್ಟ್‌ನಲ್ಲಿ ನಾರ್ವೆ ದೇಶದ ಹಾರ್ಡಾಂಗರ್‌ವಿಡ್ಡ ಎಂಬ ಪ್ರಸ್ಥಭೂಮಿಯಲ್ಲಿ ಬಿರುಗಾಳಿಗೆ ಹೆದರಿ ಒತ್ತೊತ್ತಾಗಿ ನಿಂತಿದ್ದ 323 ಹಿಮಸಾರಂಗಗಳು ಒಮ್ಮೆಗೇ ಸತ್ತುಬಿದ್ದವು. ಅಷ್ಟು ಪ್ರಾಣಿಗಳಲ್ಲಿ ಒಂದೊಂದರ ಮೇಲೂ ಸಿಡಿಲು ಬಿದ್ದಿರಲಿಲ್ಲ. ಹಸಿ ನೆಲದಲ್ಲಿ ಹರಡಿದ ವಿದ್ಯುತ್ತೇ ಅವನ್ನು ಕೊಂದಿತು. ಕುರಿ ಮಂದೆ ಹೂಡುವವರು ಇದನ್ನು ನೆನಪಿನಲ್ಲಿಡಬೇಕು. ಗುಡುಗು ಕೇಳಿದಾಗ ಮಂದೆಯನ್ನು ಒಂಟಿ ಮರದಡಿಗಾಗಲಿ ತಂತಿಬೇಲಿಯ ಮಗ್ಗುಲಿಗಾಗಲಿ ಒತ್ತಬಾರದು. ದಿಣ್ಣೆಯಿಂದ ಇಳಿಸಿ ತಗ್ಗಿನಲ್ಲಿ ಚದುರಿಬಿಡುವುದು ಲೇಸು. ಎತ್ತುಗಳನ್ನು ಮರಕ್ಕೆ ಕಟ್ಟಿದ್ದರೆ ಹಗ್ಗ ಬಿಚ್ಚಿ ಬಿಟ್ಟುಬಿಡತಕ್ಕದ್ದು. ಮಳೆ ಶುರುವಾದ ಮೇಲೆ ಅವನ್ನು ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುವ ಪ್ರೀತಿ ಒಡೆಯನಿಗೇ ಮುಳುವಾಗುತ್ತದೆ.

ಎಣಿಕೆಯಿಂದ ದೂರ ತಿಳಿಯುವುದು

ಬೆಳಕು ಕಂಡೊಡನೆ ಕಣ್ಣಿಗೆ ಮುಟ್ಟುತ್ತದೆ. ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು 3 ಸೆಕೆಂಡು ಬೇಕು. ಆದುದರಿಂದ ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿ ಎರಗಿತೆಂದು ತಿಳಿಯುತ್ತದೆ. ಗುಡುಗಿದಾಗ ಅರ್ಜುನನ ಹತ್ತು ಹೆಸರುಗಳನ್ನು ಹೇಳಿಕೊಳ್ಳುವ ರೂಢಿ ಅನೇಕ ಮನೆಗಳಲ್ಲಿದೆ. ಗುಡುಗು ಕೇಳಿತೆಂದರೆ ಆ ಸಿಡಿಲು ಆಗಲೇ ಎರಗಿ ಮುಗಿದಿರುತ್ತದೆ. ಅದೇ ಹೆಸರುಗಳನ್ನು ಮಿಂಚು ಕಂಡೊಡನೆ, ಸೆಕೆಂಡಿಗೊಂದರಂತೆ, ಆರಂಭಿಸಿದರೆ ಒಳ್ಳೆಯ ಅಳತೆಗೋಲಾಗುತ್ತದೆ: ಹತ್ತೂ ಮುಗಿಯುವ ಮೊದಲೇ ಗುಡುಗು ಕೇಳಿದರೆ ಸಿಡಿಲು ಮೂರೇ ಕಿಲೋಮೀಟರಿನೊಳಗೆ ಬಂದಿದೆ.

ಆದರೆ ಅಷ್ಟು ಹತ್ತಿರ ಬರುವವರೆಗೆ ಕಾಯತಕ್ಕದ್ದಲ್ಲ. ಎಣಿಕೆ 30ಕ್ಕೆ ಇಳಿಯಿತೆಂದರೆ, ಅಂದರೆ ಮೋಡ 10 ಕಿಲೋಮೀಟರ್ ದೂರದಲ್ಲಿರುವಾಗಲೇ, ಕೆಲಸ ಬಿಟ್ಟು ಮನೆ ಸೇರಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಮರಳಿ ಹೊಲಕ್ಕೆ ಇಳಿಯಬಾರದು. ಮಳೆ ಇನ್ನೂ ಬಿದ್ದಿಲ್ಲವಲ್ಲ, ಇನ್ನೆರಡು ಸಾಲು ಮುಗಿಸೋಣ ಎನ್ನುವವರಿಗೆ ಹೇಳಬೇಕಾದ ಮಾತೊಂದಿದೆ. ಮೋಡದ ಮೇಲ್ಭಾಗದಿಂದ ಹೊರಟ ಸಿಡಿಲು ಮಳೆ ಬೀಳುತ್ತಿರುವ ಜಾಗದಿಂದ 10-15 ಕಿಲೋಮೀಟರ್ ಆಚೆ, ತಲೆಯ ಮೇಲೆ ಬಿಸಿಲಿದ್ದಲ್ಲಿಯೂ ಎರಗಬಲ್ಲದು. ಕನ್ನಡದ ‘ಬರಸಿಡಿಲು’ ಎಂಬ ಹಳೆಯ ಪದ ಇಂಥ ಹೊಡೆತಕ್ಕೆ ಚೆನ್ನಾಗಿ ಒಪ್ಪುತ್ತದೆ. ಮಳೆ ಹಿಂದೆ ಸರಿದ ಮೇಲೆ ಹೊರಬಂದು ಪೆಟ್ಟು ತಿಂದವರೂ ಕಡಿಮೆಯಿಲ್ಲ.

ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯು ರೂಪಿಸಿರುವ ‘ದಾಮಿನಿ’ ಎಂಬ ಮೊಬೈಲ್ ಆಪ್, ಇದ್ದ ಸ್ಥಳದ ಸುತ್ತ 20ರಿಂದ 40 ಕಿಲೋಮೀಟರಿನೊಳಗೆ ಸಿಡಿಲಿನ ಸಂಭವವಿದ್ದರೆ ಮುನ್ಸೂಚನೆ ಕೊಡುತ್ತದೆ. ಮನೆಯ ಯುವಕರು ಇದನ್ನು ಹಾಕಿಕೊಂಡು ಹೊಲದಲ್ಲಿರುವ ಹಿರಿಯರಿಗೆ ಸುದ್ದಿ ಮುಟ್ಟಿಸಬಹುದು. ಮೊಬೈಲ್ ಕೈಯಲ್ಲಿದ್ದರೆ ಸಿಡಿಲು ಬರುತ್ತದೆಂಬುದು ಆಧಾರವಿಲ್ಲದ ಹೆದರಿಕೆ. ತಂತಿಯಿರುವ ಹಳೆಯ ದೂರವಾಣಿಯನ್ನು, ಚಾರ್ಜಿಗೆ ಹಾಕಿದ ಮೊಬೈಲನ್ನು ಮಾತ್ರ ಮುಟ್ಟಬಾರದು.

ಎಲ್ಲಿ ಸೇರಬೇಕು?

ಗೋಡೆ, ಛಾವಣಿ, ವಿದ್ಯುತ್ ತಂತಿ, ನೀರಿನ ಕೊಳವೆಗಳಿರುವ ಪಕ್ಕಾ ಮನೆ ಎಲ್ಲಕ್ಕಿಂತ ಸುರಕ್ಷಿತ. ಅಲ್ಲಿ ಬಿದ್ದ ಸಿಡಿಲು ಗೋಡೆ, ತಂತಿ, ಕೊಳವೆಗಳ ಮೂಲಕ ನೆಲ ಸೇರುತ್ತದೆ. ಹಾಗೆಂದೇ ಮಳೆಯ ಹೊತ್ತಿನಲ್ಲಿ ನಲ್ಲಿ, ಸ್ವಿಚ್ಚು, ಕಬ್ಬಿಣದ ಕಿಟಕಿಗಳಿಂದ ದೂರವಿರಬೇಕು. ಬಾಗಿಲು ಮುಚ್ಚಿದ ಬಸ್ಸು ಕಾರುಗಳೂ ಒಳ್ಳೆಯ ಆಸರೆ; ಲೋಹದ ಮೈ ವಿದ್ಯುತ್ತನ್ನು ಹೊರಗಿನಿಂದಲೇ ಸಾಗಿಸಿಬಿಡುತ್ತದೆ. ತೆರೆದ ಟ್ರಾಕ್ಟರು, ಎತ್ತಿನ ಗಾಡಿ, ಸೈಕಲ್ಲು, ಮೋಟಾರು ಸೈಕಲ್ಲುಗಳಿಗೆ ಈ ಗುಣವಿಲ್ಲ. ಹೊಲದ ಗುಡಿಸಲು, ಕಾವಲು ಅಟ್ಟಣೆ, ನಾಲ್ಕು ಕಂಬದ ಮೇಲಿನ ತಗಡಿನ ಚಪ್ಪರ, ಗೋಡೆಯಿಲ್ಲದ ಬಸ್ ತಂಗುದಾಣ ಇವು ಮಳೆಯಿಂದ ಕಾಪಾಡಬಲ್ಲವೇ ಹೊರತು ಸಿಡಿಲಿನಿಂದಲ್ಲ. ತೋಟದ ಪಂಪಿನ ಮನೆ ಗಟ್ಟಿ ಕಟ್ಟಡವಾಗಿದ್ದರೆ ಒಳಗೆ ನಿಲ್ಲಬಹುದು, ಆದರೆ ಸ್ಟಾರ್ಟರ್ ಪೆಟ್ಟಿಗೆಯಿಂದ ದೂರ. ಮೋಟಾರು ಸುಡದಿರಲೆಂದು ಸಂಪರ್ಕ ತಪ್ಪಿಸುವ ಕೆಲಸವನ್ನು ಮೋಡ ಕಟ್ಟುವಾಗಲೇ ಮಾಡಿ ಮುಗಿಸಬೇಕು; ಸಿಡಿಲು ಆರಂಭವಾದ ಮೇಲೆ ಅದಕ್ಕೆ ಕೈಹಾಕುವುದು ಮೂರ್ಖತನ. ಸುಟ್ಟ ಮೋಟಾರಿಗೆ ಮತ್ತೆ ಸುರುಳಿ ಸುತ್ತಿಸಬಹುದು.

ಇವೊಂದೂ ಹತ್ತಿರವಿಲ್ಲದಿದ್ದರೆ? ಬಯಲಿನಲ್ಲಿ ಪೂರ್ತಿ ಸುರಕ್ಷಿತವಾದ ಜಾಗವೆಂಬುದಿಲ್ಲ. ಅಪಾಯ ಕಡಿಮೆ ಮಾಡಿಕೊಳ್ಳಬಹುದು, ಅಷ್ಟೆ. ದಿಣ್ಣೆ, ಬಂಡೆ, ಕೆರೆ ಏರಿಗಳಿಂದ ಇಳಿಯಬೇಕು. ನೀರು ನಿಂತ ಗದ್ದೆ, ಬಾವಿ, ಹಳ್ಳ, ತಂತಿಬೇಲಿಗಳನ್ನು ಬಿಟ್ಟು ಸರಿಯಬೇಕು. ಒಂಟಿ ಮರದಿಂದ ಅದರ ಎತ್ತರದ ಎರಡರಷ್ಟಾದರೂ ದೂರ ಹೋಗಬೇಕು. ಹೆಗಲ ಮೇಲಿನ ಗುದ್ದಲಿ, ಪಿಕಾಸಿ, ಬಿಚ್ಚಿದ ಛತ್ರಿಗಳನ್ನು ಕೆಳಗಿಡಬೇಕು. ಕಬ್ಬಿಣ ಸಿಡಿಲನ್ನು ಕರೆಯುತ್ತದೆಂದಲ್ಲ, ತಲೆಗಿಂತ ಎತ್ತರವಾಗುತ್ತದೆಂದು. ಕೆಲವೆಡೆ ಗುಡುಗುವಾಗ ಕತ್ತಿ ಕುಡುಗೋಲುಗಳನ್ನು ಅಂಗಳಕ್ಕೆ ಎಸೆಯುವ ಪದ್ಧತಿಯುಂಟು. ಅದರಿಂದ ಸಿಡಿಲು ತಪ್ಪುವುದೂ ಇಲ್ಲ, ಬರುವುದೂ ಇಲ್ಲ. ಜೊತೆಯಲ್ಲಿ ಹಲವರಿದ್ದರೆ ಒಟ್ಟಾಗಿ ಮುದುಡಿಕೊಳ್ಳದೆ ನಾಲ್ಕಾರು ಮಾರು ಬಿಟ್ಟು ನಿಲ್ಲುವುದು ಒಳಿತು. ಒಬ್ಬನಿಗೆ ಪೆಟ್ಟಾದರೂ ಇನ್ನೊಬ್ಬ ಅವನನ್ನು ಎತ್ತಲು ಉಳಿದಿರುತ್ತಾನೆ. ಓಡಿ ಮನೆ ಸೇರುವ ಅವಕಾಶವಿದ್ದರೆ ಓಡಲೇಬೇಕು. ಮೈಕೂದಲು ನಿಮಿರಿ ಚರ್ಮ ಜುಮ್ಮೆಂದರೆ ಮಾತ್ರ ಕ್ಷಣ ತಡಮಾಡದೆ, ಎರಡೂ ಪಾದಗಳನ್ನು ಜೋಡಿಸಿ ಕುಕ್ಕರುಗಾಲಿನಲ್ಲಿ ಕುಳಿತು ಕಿವಿ ಮುಚ್ಚಿಕೊಳ್ಳಬೇಕು. ನೆಲಕ್ಕೆ ಉದ್ದಕ್ಕೆ ಮಲಗಬಾರದು. ರಬ್ಬರ್ ಚಪ್ಪಲಿ ಕಾಪಾಡುವುದೆಂಬ ಭರವಸೆ ಬೇಡ. ಹಲವು ಕಿಲೋಮೀಟರ್ ಗಾಳಿಯನ್ನು ಸೀಳಿ ಬಂದದ್ದಕ್ಕೆ ಒಂದು ಬೆರಳು ದಪ್ಪದ ಅಟ್ಟೆ ಅಡ್ಡಿಯಾಗದು.

ಮನೆಗೆ ಸಿಡಿಲು ನಿರೋಧಕ ಹಾಕಿಸುವವರು ಒಂದು ವಿಷಯ ತಿಳಿದಿರಬೇಕು. ಬೆಂಜಮಿನ್ ಫ್ರಾಂಕ್ಲಿನ್ ಸೂಚಿಸಿದ ಪ್ರಯೋಗದಿಂದ ಮಿಂಚು ವಿದ್ಯುತ್ತೇ ಎಂಬುದು 1752ರಲ್ಲಿ ಸಿದ್ಧವಾಯಿತು. ಮರುವರ್ಷ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರಿಖ್‌ಮನ್ ಎಂಬ ವಿಜ್ಞಾನಿ ಛಾವಣಿಯ ಮೇಲಿನ ಕಂಬಿಯಿಂದ ಮನೆಯೊಳಕ್ಕೆ ತಂತಿ ತಂದು ಅಳೆಯುತ್ತಿದ್ದಾಗ ಸಿಡಿಲು ಬಡಿದು ಸತ್ತ. ಅವನ ಕಂಬಿಗೆ ನೆಲದ ಸಂಪರ್ಕವಿರಲಿಲ್ಲ. ನಿರೋಧಕವೆಂಬುದು ಸಿಡಿಲನ್ನು ಓಡಿಸುವ ಸಾಧನವಲ್ಲ, ಅದನ್ನು ನೆಲಕ್ಕೆ ಇಳಿಸುವ ಮೆಟ್ಟಿಲು. ಮೇಲಿನ ಚೂಪು ಕಂಬಿಗಿಂತ ಕೆಳಗಿನ ತೇವದ ಗುಂಡಿಯೇ ಮುಖ್ಯ. ಬೇಸಿಗೆಯಲ್ಲಿ ಒಣಗಿದ, ತಂತಿ ತುಕ್ಕು ಹಿಡಿದ ನಿರೋಧಕ ಇಲ್ಲದ್ದಕ್ಕಿಂತ ಕೆಟ್ಟದ್ದು. ಕಂಬಿಯ ರಕ್ಷಣೆಯೂ ಸ್ಥೂಲವಾಗಿ ಅದರ ಎತ್ತರದಷ್ಟೇ ಸುತ್ತಳತೆಗೆ ಮೀಸಲು. ಒಂದು ಕಂಬ ನೆಟ್ಟರೆ ಇಡೀ ಊರಿಗೆ ಕಾವಲು ಎನ್ನುವ ಮಾರಾಟಗಾರರ ಮಾತನ್ನು ನಂಬಬಾರದು.

ಬಿದ್ದವನನ್ನು ಮುಟ್ಟಲು ಹೆದರಬೇಡಿ

ಸಿಡಿಲು ಬಡಿದವನ ಮೈಯಲ್ಲಿ ವಿದ್ಯುತ್ತು ಉಳಿದಿರುತ್ತದೆಂದು ಹತ್ತಿರ ಹೋಗದವರಿದ್ದಾರೆ. ಇದು ತಪ್ಪು. ಸಿಡಿಲು ಮುಗಿದ ಮರುಕ್ಷಣವೇ ಅವನನ್ನು ಮುಟ್ಟಬಹುದು. ಛತ್ತೀಸ್‌ಗಢದ ಕೆಲವು ಹಳ್ಳಿಗಳಲ್ಲಿ ಸಿಡಿಲು ಬಡಿದವರನ್ನು ಕುತ್ತಿಗೆಯವರೆಗೆ ಸಗಣಿಯಲ್ಲಿ ಹೂಳಿದ ಘಟನೆಗಳು ವರದಿಯಾಗಿವೆ. ಬದುಕಬಹುದಾಗಿದ್ದ ಕೆಲವೇ ನಿಮಿಷಗಳನ್ನು ಇದು ನುಂಗುತ್ತದೆ.

ಸಿಡಿಲು ಮಿದುಳಿನಲ್ಲಿ ಉಸಿರಾಟ ನಡೆಸುವ ಭಾಗವನ್ನೂ ಹೃದಯವನ್ನೂ ಒಮ್ಮೆಗೇ ನಿಲ್ಲಿಸುತ್ತದೆ. ಹೃದಯ ಅನೇಕ ವೇಳೆ ತಾನಾಗಿಯೇ ಮತ್ತೆ ಬಡಿಯತೊಡಗುತ್ತದೆ. ಉಸಿರಾಟ ಮಾತ್ರ ಇನ್ನೂ ಕೆಲಕಾಲ ನಿಂತೇ ಇರುತ್ತದೆ. ಆ ನಡುವೆ ಗಾಳಿ ಒದಗದಿದ್ದರೆ ಹೃದಯ ಎರಡನೆಯ ಸಲ ನಿಲ್ಲುತ್ತದೆ, ಆಗ ಅದನ್ನು ಎಬ್ಬಿಸುವುದು ಕಷ್ಟ. ಆದುದರಿಂದ ಹಲವರು ಬಿದ್ದಿದ್ದರೆ ನರಳುತ್ತಿರುವವರ ಕಡೆಗಲ್ಲ, ಸತ್ತಂತೆ ಬಿದ್ದಿರುವವನ ಕಡೆಗೆ ಮೊದಲು ಹೋಗಬೇಕು. ನರಳುವವನು ಉಸಿರಾಡುತ್ತಿದ್ದಾನೆ, ಬಹುಮಟ್ಟಿಗೆ ಬದುಕುತ್ತಾನೆ. ಉಸಿರಿಲ್ಲದವನನ್ನು ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ಎದೆ 5 ಸೆಂಟಿಮೀಟರಿನಷ್ಟು ಕುಸಿಯುವಂತೆ ನಿಮಿಷಕ್ಕೆ 100ರಿಂದ 120 ಸಲದ ವೇಗದಲ್ಲಿ ಒತ್ತಬೇಕು. ಪ್ರತಿ 30 ಒತ್ತುಗಳಿಗೊಮ್ಮೆ ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, ಬಾಯಿಗೆ ಬಾಯಿಯಿಟ್ಟು ಎರಡು ಸಲ ಗಾಳಿ ಊದಬೇಕು. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ವೈದ್ಯರು ಬರುವವರೆಗೆ ನಿಲ್ಲಿಸಬಾರದು. ತೋಳು ಸೋತರೆ ಮತ್ತೊಬ್ಬರು ಮುಂದುವರಿಸಬೇಕು. ಚರ್ಮದ ಮೇಲೆ ಜರೀಗಿಡದ ಎಲೆಯಂತೆ ಕೆಂಪು ಗೆರೆಗಳು ಮೂಡಿದ್ದರೆ ಗಾಬರಿ ಬೇಡ, ಒಂದೆರಡು ದಿನಗಳಲ್ಲಿ ಅವು ಮಾಸಿಹೋಗುತ್ತವೆ. ಎದ್ದು ಓಡಾಡುವಂತಾದವನಿಗೂ ಕಿವಿತಮಟೆ ಹರಿದಿರುವುದು, ಮರೆವು, ಕಣ್ಣು ಮಂಜಾಗುವುದು ಸಾಮಾನ್ಯ. ಆದುದರಿಂದ ಆಸ್ಪತ್ರೆಗೆ ಕರೆದೊಯ್ಯುವುದನ್ನು ತಪ್ಪಿಸಬಾರದು.

ಜಾನುವಾರು ಸತ್ತಿದ್ದರೆ ಹೂಳುವ ಮುನ್ನ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ ಪತ್ರ ಪಡೆದು, ತಹಶೀಲ್ದಾರರ ಕಚೇರಿಗೂ, ವಿಮೆ ಇದ್ದಲ್ಲಿ ವಿಮಾ ಸಂಸ್ಥೆಗೂ ತಿಳಿಸಬೇಕು. ಅವಸರದಲ್ಲಿ ಹೂತುಬಿಟ್ಟು ಪರಿಹಾರ ಕಳೆದುಕೊಂಡ ಕುರಿಗಾರರುಂಟು. ಸತ್ತ ದನದ ಮೂಗು, ಬಾಯಿ, ಗುದದಿಂದ ಕಪ್ಪು ರಕ್ತ ಸೋರುತ್ತಿದ್ದರೆ ಅದು ಸಿಡಿಲಿನ ಸಾವಲ್ಲದೆ ನೆರಡಿ ರೋಗವೂ ಇರಬಹುದು. ಅಂಥ ಹೆಣವನ್ನು ಯಾರೂ ಕೊಯ್ಯದೆ, ಚರ್ಮ ಸುಲಿಯದೆ ವೈದ್ಯರ ದಾರಿ ಕಾಯಬೇಕು.

ತೆಂಗಿನ ತೋಟದಲ್ಲಿ

ಸುತ್ತಲಿನ ಎಲ್ಲಕ್ಕಿಂತ ಎತ್ತರವಾಗಿ ನಿಂತ ತೆಂಗಿಗೆ ಸಿಡಿಲು ಬಡಿಯುವುದು ಹೆಚ್ಚು. ಕೆಲವೊಮ್ಮೆ ಸುಳಿ ಅಲ್ಲಿಯೇ ಹೊತ್ತಿ ಉರಿಯುತ್ತದೆ, ಇದು ಎಲ್ಲರಿಗೂ ಕಾಣುತ್ತದೆ. ಕಾಣದೆ ಹೋಗುವುದು ಅಕ್ಕಪಕ್ಕದ ಮರಗಳ ಗತಿ. ಬಡಿದ ಮರದ ಸುತ್ತ ಒಂದು ವೃತ್ತದೊಳಗಿನ ಮರಗಳಲ್ಲಿ ಒಂದೆರಡು ವಾರದ ನಂತರ ಗರಿಗಳು ಜೋತು ಬೀಳುತ್ತವೆ, ಕಾಯಿ ಉದುರುತ್ತದೆ, ಕಾಂಡದ ಬಿರುಕುಗಳಿಂದ ಕಂದು ರಸ ಒಸರುತ್ತದೆ. ಇದನ್ನು ಕಾಂಡ ಸೋರುವ ರೋಗವೆಂದೋ ಅಣಬೆ ರೋಗವೆಂದೋ ತಿಳಿದು ಔಷಧಿಗೆ ಹಣ ಸುರಿಯುವವರಿದ್ದಾರೆ. ರೋಗ ಒಂದು ಮರದಿಂದ ತಿಂಗಳುಗಟ್ಟಲೆ ನಿಧಾನವಾಗಿ ಹಬ್ಬುತ್ತದೆ. ಸಿಡಿಲಿನ ಪೆಟ್ಟು ಅಷ್ಟೂ ಮರಗಳಲ್ಲಿ ಒಂದೇ ಕಾಲಕ್ಕೆ ತೋರಿ ವೃತ್ತದ ಆಚೆ ಹೋಗುವುದಿಲ್ಲ. ಹಿಂದಿನ ಕೆಲವು ವಾರಗಳಲ್ಲಿ ಗುಡುಗಿನ ಮಳೆಯಾಗಿತ್ತೇ ಎಂದು ನೆನಪಿಸಿಕೊಂಡರೆ ಸಂಶಯ ಪರಿಹಾರವಾಗುತ್ತದೆ. ಸುಳಿ ಹಸಿರಾಗಿ ನೆಟ್ಟಗಿರುವ ಮರಗಳು ಚೇತರಿಸಿಕೊಳ್ಳಬಹುದು, ಅವನ್ನು ಬಿಡಬೇಕು. ಸುಳಿ ಕೊಳೆತ ಮರಗಳ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆಯಿಟ್ಟು, ಅಲ್ಲಿಂದ ಒಳ್ಳೆಯ ಮರಗಳಿಗೂ ದಾಟುತ್ತದೆ. ಅವನ್ನು ತಡಮಾಡದೆ ಕಡಿದು, ತಲೆಯ ಭಾಗವನ್ನು ಸೀಳಿ ಸುಟ್ಟುಹಾಕಬೇಕು.